ಬಾಲಿಯ ಒನ್-ಡೇ ಟೂರ್: ದೇವಸ್ಥಾನ, ಗದ್ದೆ, ಜಲಪಾತ ಮತ್ತು ಒಂದು ನೀರಿನ ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಬಾಲಿ ಬಗ್ಗೆ. ಅಯ್ಯೋ, ಮತ್ತೆ ಬಾಲಿನಾ ಅಂತ ಸ್ಕಿಪ್ ಮಾಡಬೇಡಿ. 2024ರಲ್ಲಿ ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾದ ಮೇಲೆ ನನ್ನ ಸ್ನೇಹಿತರಲ್ಲೇ ಮೂರು ಜನ ಹೋಗಿ ಬಂದ್ರು. ಮೂವರ ಇನ್‌ಸ್ಟಾಗ್ರಾಮಲ್ಲೂ ಒಂದೇ ಫೋಟೋ. ಉದ್ದನೆಯ ಗೌನು, ತೆಂಗಿನಮರಕ್ಕೆ ಕಟ್ಟಿದ ಜೋಕಾಲಿ, ಕೆಳಗೆ ಹಸಿರು ಮೆಟ್ಟಿಲು ಗದ್ದೆ.

ನಾನೂ ಹೋದೆ. ಎಲ್ಲರೂ ತಗೊಳ್ಳೋ ಪ್ಯಾಕೇಜನ್ನೇ ತಗೊಂಡೆ. ಬೆಳಿಗ್ಗೆ ಕಾರು ಬರತ್ತೆ, ಒಂದು ಮೆಟ್ಟಿಲು ಗದ್ದೆ, ಎರಡು ದೇವಸ್ಥಾನ, ಒಂದು ಜಲಪಾತ ತೋರಿಸಿ ಸಂಜೆ ಹೋಟೆಲಿಗೆ ಬಿಡತ್ತೆ. ಲಿಸ್ಟ್ ನೋಡಿದ್ರೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಥರದ ಜಾಗ ಅನ್ಸತ್ತೆ. ನನಗೂ ಹಾಗೇ ಅನ್ಸಿತ್ತು. ಮೂರೂ ಒಂದೇ ವ್ಯವಸ್ಥೆಯ ಭಾಗಗಳು ಅಂತ ಗೊತ್ತಾಗಿದ್ದು ಗದ್ದೆಯಲ್ಲಿ ನಾನು ಮಾಡಿದ ಒಂದು ಎಡವಟ್ಟಿನಿಂದ.

ನಮ್ಮ ಕಾರು ಓಡಿಸಿದವರೇ ಗೈಡ್. ಅವರನ್ನ ಹೆಸರಿಡಿದು ಕರೆಯೋಕೆ ಮುಜುಗರ ಆಗಿ ಏನನ್ನಲಿ ಅಂತ ಕೇಳಿದೆ. "ಬ್ಲಿ ಅನ್ನಿ, ಸಾಕು" ಅಂದ್ರು. ಬಾಲಿ ಭಾಷೆಯಲ್ಲಿ ಬ್ಲಿ ಅಂದ್ರೆ ಅಣ್ಣ. ಆ ಮೇಲೆ ದಿನವಿಡೀ ಬ್ಲಿ.

ಮೊದಲ ನಿಲ್ದಾಣ ಉಬುದ್ ಊರಿನ ಉತ್ತರಕ್ಕಿರೋ ತೆಗಲ್ಲಲಾಂಗ್. ಕಣಿವೆಯ ಒಂದು ಬದಿ ಪೂರ್ತಿ ಕೆಫೆ, ಇನ್ನೊಂದು ಬದಿ ಪೂರ್ತಿ ಗದ್ದೆ. ಇಳಿದು ಹತ್ತಿದ್ರೆ ಅಲ್ಲಲ್ಲಿ ಬಿದಿರಿನ ಅಡ್ಡಗೋಲು ಹಾಕ್ಕೊಂಡು ಒಬ್ಬೊಬ್ಬರು ಕೂತಿರ್ತಾರೆ. ಕಾಣಿಕೆ ಹಾಕಿ ಮುಂದೆ ಹೋಗಬೇಕು. ಎರಡನೇ ಅಡ್ಡಗೋಲಿಗೇ ನನಗೆ ಕಿರಿಕಿರಿ ಶುರುವಾಯ್ತು, ಟಿಕೆಟ್ ತಗೊಂಡಾಯ್ತಲ್ಲ ಮತ್ತೇನು ಅಂತ. ಮೂರನೆಯದನ್ನ ತಪ್ಪಿಸೋಣ ಅಂತ ದಾರಿ ಬಿಟ್ಟು ಗದ್ದೆಯ ಬದುವಿನ ಮೇಲೆ ಕಾಲಿಟ್ಟೆ. ಬದು ಕುಸೀತು. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಗುಳುಗುಳು ಅಂತ ಇಳಿಯೋಕೆ ಶುರು. ವಯಸ್ಸಾದ ರೈತರೊಬ್ಬರು ಬಂದ್ರು. ಬೈಲಿಲ್ಲ. ಒಂದು ಹೆಂಟೆ ಕೆಸರು ಎತ್ತಿ ಹಾಕಿ ಹಿಮ್ಮಡಿಯಲ್ಲಿ ಮೆಟ್ಟಿದರು, ಹೋದರು. ಬೈದಿದ್ರೆ ಚೆನ್ನಾಗಿತ್ತು.

ಕಾರಿಗೆ ವಾಪಸ್ ಬಂದ ಮೇಲೆ ಬ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನೀವು ನಡೆದ ದಾರಿ ಯಾರದ್ದು ಅಂದ್ಕೊಂಡ್ರಿ?" ಪ್ರವಾಸಿಗಳು ನಡೆಯೋ ಆ ಕಾಲುದಾರಿ ಅಂದ್ರೆ ರೈತರ ಬದುಗಳೇ. ಕೆಫೆ ಗಳಿಸೋದು ಎದುರಿನ ನೋಟದಿಂದ, ಆ ನೋಟವನ್ನ ಮಾಡಿಟ್ಟವರು ಈ ಕಡೆಯವರು. ಅಡ್ಡಗೋಲಿನ ಲೆಕ್ಕ ಆಗ ಅರ್ಥ ಆಯ್ತು.

ಸರಿ, ಈಗ ಮುಖ್ಯ ವಿಷಯ. ಬಾಲಿ ಜ್ವಾಲಾಮುಖಿಗಳ ದ್ವೀಪ. ಬೂದಿ ಗಟ್ಟಿಯಾಗಿ ಆದ ಮೆತ್ತನೆ ಕಲ್ಲನ್ನ ನದಿಗಳು ಆಳವಾಗಿ ಕೊರೆದು ಕಂದಕ ಮಾಡಿವೆ. ಹಾಗಾಗಿ ನೀರು ಕೆಳಗೆ, ಗದ್ದೆ ಮೇಲೆ. ಪಕ್ಕದಲ್ಲೇ ಹೊಳೆ ಹರಿದ್ರೂ ನಿಮ್ಮ ಗದ್ದೆಗೆ ತೊಟ್ಟು ನೀರೂ ಬರಲ್ಲ. ಬರಬೇಕಂದ್ರೆ ಬೆಟ್ಟದ ಮೇಲೆ ಎಷ್ಟೋ ದೂರದಲ್ಲಿ ಒಡ್ಡು ಕಟ್ಟಿ, ಕಾಲುವೆ ತೋಡಿ, ಅಡ್ಡ ಬಂದ ಗುಡ್ಡಕ್ಕೆ ಸುರಂಗ ಕೊರೆದು ತರಬೇಕು. ಒಬ್ಬ ರೈತನಿಂದ ಆಗೋ ಕೆಲಸ ಅಲ್ಲ ಇದು. ಈ ಕಾರಣಕ್ಕೆ ಹುಟ್ಟಿದ ರೈತರ ಸಂಘಟನೆಯೇ ಸುಬಕ್. ಇದರ ಇತಿಹಾಸ 9ನೇ ಶತಮಾನದವರೆಗೂ ಹೋಗತ್ತೆ. ಒಂದೇ ಮೂಲದಿಂದ ನೀರು ತಗೊಳ್ಳೋ ಗದ್ದೆಗಳವರೆಲ್ಲ ಒಂದು ಸುಬಕ್. ಅದಕ್ಕೊಬ್ಬ ಮುಖಂಡ, ಪೆಕಸೆಹ್ ಅಂತ. ನಮ್ಮ ಕೆರೆಗಳಲ್ಲಿ ತೂಬು ಎತ್ತಿ ಗದ್ದೆಗೆ ನೀರು ಹಂಚ್ತಿದ್ದ ನೀರುಗಂಟಿ ನೆನಪಾದ್ರೆ ತಪ್ಪಿಲ್ಲ. ಆದ್ರೆ ಪೆಕಸೆಹ್ ಅನ್ನು ರೈತರೇ ಆರಿಸ್ತಾರೆ, ಮತ್ತೆ ಅವರ ಸಭೆ ನಡೆಯೋದು ದೇವಸ್ಥಾನದ ಸುತ್ತ.

ಅಲ್ಲಿ ದೇವಸ್ಥಾನಕ್ಕೂ ನೀರಿಗೂ ಇರೋ ನಂಟು ಬರೀ ಭಕ್ತಿಯದ್ದಲ್ಲ. ಒಡ್ಡಿನ ಹತ್ತಿರ ಒಂದು ಗುಡಿ, ಗದ್ದೆಬಯಲಿನ ತಲೆಯ ಮೇಲೆ ಒಂದು, ಹಲವು ಸುಬಕ್‌ಗಳಿಗೆ ಸೇರಿ ಇನ್ನೊಂದು ದೊಡ್ಡದು. ಎಲ್ಲಕ್ಕಿಂತ ಮೇಲೆ ಬಾತುರ್ ಸರೋವರದ ದೇವತೆ ದೇವಿ ದಾನುವಿನ ದೇವಸ್ಥಾನ. ನಾಟಿ ಯಾವಾಗ, ಯಾರು ಮೊದಲು, ಯಾವಾಗ ಗದ್ದೆ ಬೀಳು ಬಿಡಬೇಕು ಅನ್ನೋದೆಲ್ಲ ಈ ಗುಡಿಗಳ ಪೂಜೆಯ ದಿನಗಳ ಜೊತೆಗೇ ನಿಗದಿಯಾಗತ್ತೆ. ಅಲ್ಲಿನ ಒಂದು ಪಂಚಾಂಗಕ್ಕೆ ವರ್ಷ ಅಂದ್ರೆ 210 ದಿನ.

ಇದ್ಯಾಕೆ ಮುಖ್ಯ ಅಂತ ಒಂದು ಉದಾಹರಣೆ ಕೊಡ್ತೀನಿ, ಸ್ವಲ್ಪ ಗಮನ ಇಟ್ಟು ಕೇಳಿ. ಮೇಲೊಂದು ಊರು, ಕೆಳಗೊಂದು ಊರು. ನೀರು ಮೊದಲು ಸಿಗೋದು ಮೇಲಿನೂರಿಗೆ. ಅವರು ಕೆಳಗಿನೂರಿಗೆ ಯಾಕೆ ಬಿಡಬೇಕು? ಮೇಲುಕೆಳಗಿನ ಈ ಜಗಳ ಎಂಥದ್ದು ಅಂತ ಕಾವೇರಿ ನೋಡಿರೋ ನಮಗೆ ಹೇಳೋದೇ ಬೇಡ. ಆದ್ರೆ ಭತ್ತಕ್ಕೆ ಇನ್ನೊಂದು ಶತ್ರು ಇದೆ, ಕೀಟ. ಎರಡೂ ಊರು ಬೇರೆ ಬೇರೆ ಸಮಯಕ್ಕೆ ನಾಟಿ ಮಾಡಿದ್ರೆ, ಕೆಳಗಿನ ಗದ್ದೆ ಕೊಯ್ಲಾದಾಗ ಅಲ್ಲಿನ ಹುಳ ಮೇಲಿನ ಹಸಿರು ಗದ್ದೆಗೆ ಹೋಗತ್ತೆ. ಇಬ್ಬರೂ ಒಟ್ಟಿಗೆ ನಾಟಿ, ಒಟ್ಟಿಗೆ ಕೊಯ್ಲು ಮಾಡಿ ಒಟ್ಟಿಗೆ ಬೀಳು ಬಿಟ್ರೆ ಹುಳಕ್ಕೆ ತಿನ್ನೋಕೆ ಏನೂ ಸಿಗಲ್ಲ, ಸಾಯತ್ತೆ. ಅಂದ್ರೆ ಕೆಳಗಿನವನಿಗೆ ಮೇಲಿನವನ ನೀರು ಬೇಕು, ಮೇಲಿನವನಿಗೆ ಕೆಳಗಿನವನು ತನ್ನ ಜೊತೆಗೇ ನಾಟಿ ಮಾಡೋದು ಬೇಕು. ಇಬ್ಬರಿಗೂ ಒಬ್ಬರ ಗರಜು ಇನ್ನೊಬ್ಬರಿಗೆ. ಹಾಗಂತ ಇಡೀ ದ್ವೀಪ ಒಂದೇ ದಿನ ನಾಟಿ ಮಾಡಿದ್ರೆ ನೀರು ಸಾಲಲ್ಲ. ಹಾಗಾದ್ರೆ ಎಷ್ಟು ಜನ ಒಟ್ಟಿಗೆ ಮಾಡಬೇಕು? ಆ ಲೆಕ್ಕವನ್ನ ಇಟ್ಕೊಂಡು ಬಂದಿದ್ದು ಈ ನೀರಿನ ಗುಡಿಗಳ ಜಾಲ.

1970ರ ದಶಕದಲ್ಲಿ ಹಸಿರು ಕ್ರಾಂತಿ ಬಂದಾಗ ಸರ್ಕಾರಕ್ಕೆ ಇದು ಬರೀ ಪೂಜೆ ಪುನಸ್ಕಾರದ ಥರ ಕಾಣಿಸ್ತು. ಹೊಸ ತಳಿ, ರಸಗೊಬ್ಬರ, ಸಾಧ್ಯ ಆದಷ್ಟು ಸಲ ಬೆಳೀರಿ ಅನ್ನೋ ಒತ್ತಾಯ. ಮೊದಮೊದಲು ಇಳುವರಿ ಏರಿತು. ಆಮೇಲೆ ಎಲ್ಲರೂ ತಮಗೆ ಬೇಕಾದಾಗ ನಾಟಿ ಮಾಡೋದು, ನೀರಿಗೆ ಗೊಂದಲ, ಗದ್ದೆ ಖಾಲಿ ಇರೋ ಕಾಲವೇ ಇಲ್ಲ. ಕಂದು ಜಿಗಿಹುಳು ಮುತ್ತಿತು. ಅದಕ್ಕೆ ತಡೆಯುವ ತಳಿ ತಂದ್ರೆ ಟುಂಗ್ರೋ ಅನ್ನೋ ವೈರಸ್ ರೋಗ ಬಂತು. ಸ್ಟೀಫನ್ ಲ್ಯಾನ್ಸಿಂಗ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞ, ಜೇಮ್ಸ್ ಕ್ರೆಮರ್ ಅನ್ನೋ ಪರಿಸರ ವಿಜ್ಞಾನಿ ಸೇರಿ ಓಸ್ ಮತ್ತು ಪೆತಾನು ಅನ್ನೋ ಎರಡು ನದಿಗಳ ಬಯಲಿನ 172 ಸುಬಕ್‌ಗಳನ್ನ ಕಂಪ್ಯೂಟರ್ ಮಾದರಿಯಲ್ಲಿ ಓಡಿಸಿ ನೋಡಿದ್ರು. ಪ್ರತಿಯೊಬ್ಬರೂ ತಮ್ಮಿಷ್ಟದಂತೆ ಮಾಡಿದ್ರೆ ಏನಾಗತ್ತೆ, ಎಲ್ಲರೂ ಒಟ್ಟಿಗೆ ಮಾಡಿದ್ರೆ ಏನಾಗತ್ತೆ, ಗುಡಿಗಳ ಗುಂಪಿನ ಪ್ರಕಾರ ಮಾಡಿದ್ರೆ ಏನಾಗತ್ತೆ. ಒಳ್ಳೆ ಇಳುವರಿ ಬಂದಿದ್ದು ಗುಡಿಗಳ ಲೆಕ್ಕಕ್ಕೆ. ಲ್ಯಾನ್ಸಿಂಗ್ ಇದನ್ನೆಲ್ಲ 1991ರಲ್ಲಿ ಬರೆದ ಪುಸ್ತಕದ ಹೆಸರೇ 'ಪ್ರೀಸ್ಟ್ಸ್ ಅಂಡ್ ಪ್ರೋಗ್ರಾಮರ್ಸ್'. ಪೆತಾನು ಅನ್ನೋ ಹೆಸರು ನೆನಪಿಟ್ಕೊಳ್ಳಿ, ಸಂಜೆಗೆ ಬೇಕಾಗತ್ತೆ.

ಮಧ್ಯಾಹ್ನ ತಂಪಕ್‌ಸಿರಿಂಗ್ ಊರಿನ ತೀರ್ಥ ಎಂಪುಲ್. ಹೌದು, ನಮ್ಮದೇ 'ತೀರ್ಥ'. ಬಾಲಿಯವರು ತಮ್ಮ ಧರ್ಮವನ್ನ ಆಗಮ ತೀರ್ಥ ಅಂತಲೂ ಕರೀತಾರೆ. 10ನೇ ಶತಮಾನದ ಈ ದೇವಸ್ಥಾನದ ಒಳಗೆ ಒಂದು ಕೊಳ. ಕಪ್ಪು ಮರಳನ್ನ ತಳ್ಕೊಂಡು ನೀರು ಬುಗ್ಗೆಬುಗ್ಗೆಯಾಗಿ ಏಳೋದು ಕಣ್ಣಿಗೇ ಕಾಣತ್ತೆ. ಆ ನೀರು ಸಾಲು ಕಲ್ಲಿನ ಬಾಯಿಗಳಿಂದ ಧುಮುಕೋ ಕಡೆ ಜನ ಒಂದೊಂದಕ್ಕೂ ತಲೆಯೊಡ್ಡಿ ಮುಂದೆ ಹೋಗ್ತಾರೆ. ಈ ವಿಧಿಗೆ ಮೆಲುಕತ್ ಅಂತಾರೆ. ನಾನು ಉತ್ಸಾಹದಲ್ಲಿ ಎಲ್ಲದಕ್ಕೂ ತಲೆಯೊಡ್ಡೋಕೆ ಹೋದಾಗ ದಡದಿಂದ ಬ್ಲಿ ಕೈಯಾಡಿಸಿದ್ರು. ಎರಡು ಬಾಯಿಗಳು ಸತ್ತವರ ವಿಧಿಗೆ ಮೀಸಲು, ಅವನ್ನ ಬಿಟ್ಟು ಹೋಗಬೇಕು. ಫೋಟೋಗೆ ಕ್ಯೂ ನಿಂತವರಲ್ಲಿ ಎಷ್ಟು ಜನಕ್ಕೆ ಇದನ್ನ ಯಾರಾದ್ರೂ ಹೇಳಿರ್ತಾರೋ.

ಕಥೆ ಕೇಳಿ. ಮಾಯಾದನಾವ ಅನ್ನೋ ರಾಜ, ಮಾಯಾ ದಾನವ ಅಂತ ಓದ್ಕೊಳ್ಳಿ, ಇಂದ್ರನ ಸೈನ್ಯ ಕುಡಿಯೋ ನೀರಿಗೆ ವಿಷ ಹಾಕ್ತಾನೆ. ಸದ್ದಾಗಬಾರದು ಅಂತ ಪಾದದ ಅಂಚಿನ ಮೇಲೆ ವಾರೆಯಾಗಿ ನಡೀತಾನೆ. ತಂಪಕ್‌ಸಿರಿಂಗ್ ಹೆಸರು ಬಂದಿದ್ದೇ ಆ ವಾರೆ ಹೆಜ್ಜೆಯಿಂದ ಅಂತಾರೆ. ಇಂದ್ರ ನೆಲಕ್ಕೆ ಚುಚ್ಚಿ ಈ ಬುಗ್ಗೆ ಎಬ್ಬಿಸಿ ಸೈನ್ಯ ಉಳಿಸ್ಕೊಂಡ. ಕೊನೆಗೆ ಸತ್ತ ಮಾಯಾದನಾವನ ರಕ್ತ ಹರಿದು ಪೆತಾನು ನದಿಯಾಯ್ತು. ಅದರ ನೀರಿಗೆ ಬೆಳೆದ ಭತ್ತ ಕೊಯ್ದರೆ ರಕ್ತ ಬರತ್ತೆ ಅಂತ ಸಾವಿರ ವರ್ಷದ ಶಾಪ. ಈ ಕಥೆಯಲ್ಲಿ ಪಾಪ ಯಾವುದು ನೋಡಿ: ಮೇಲೆ ನಿಂತು ನೀರು ಕೆಡಿಸೋದು.

ಬುಗ್ಗೆಯ ನೀರು ಇಲ್ಲಿಗೇ ನಿಲ್ಲಲ್ಲ. ಪಕೆರಿಸಾನ್ ನದಿಗೆ ಸೇರಿ ಕೆಳಗಿನ ಗದ್ದೆಗಳಿಗೆ ಹೋಗತ್ತೆ. ಅದೇ ಕಣಿವೆಯಲ್ಲಿ ಸ್ವಲ್ಪ ಕೆಳಗೆ ಗುನುಂಗ್ ಕಾವಿ, 11ನೇ ಶತಮಾನದಲ್ಲಿ ಬಂಡೆಗೆ ಕೊರೆದ ಹತ್ತು ದೊಡ್ಡ ಗುಡಿಯಾಕಾರಗಳು. ಮೊಣಕಾಲು ನಡುಗೋಷ್ಟು ಮೆಟ್ಟಿಲು, ಆದ್ರೂ ಇಳೀರಿ. ಗದ್ದೆಯ ಮಧ್ಯೆಯೇ ದಾರಿ. 2012ರಲ್ಲಿ ಯುನೆಸ್ಕೋ ಸುಬಕ್ ಭೂದೃಶ್ಯವನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಈ ಪಕೆರಿಸಾನ್ ಕಣಿವೆಯೂ ಅದರಲ್ಲಿತ್ತು. ಆ ಪಟ್ಟಿಯ ಹೆಸರಲ್ಲೇ 'ತ್ರಿ ಹಿತ ಕರಣ' ಇದೆ. ದೇವರು, ಜನ, ನೆಲ ಈ ಮೂರರ ಜೊತೆಗಿನ ಹೊಂದಾಣಿಕೆಯೇ ಹಿತಕ್ಕೆ ಕಾರಣ ಅನ್ನೋ ಅರ್ಥ, ನಮಗೆ ಅನುವಾದವೇ ಬೇಡ. ತಮಾಷೆ ಅಂದ್ರೆ ಎಲ್ಲರೂ ಫೋಟೋ ತೆಗೆಯೋ ತೆಗಲ್ಲಲಾಂಗ್ ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿರೋ ಜತಿಲುವಿಹ್ ಗದ್ದೆಗಳನ್ನ ನೋಡಬೇಕಂದ್ರೆ ಅದಕ್ಕೆ ಬೇರೆ ದಿನವೇ ಇಟ್ಕೊಳ್ಳಿ.

ದಾರಿಯಲ್ಲಿ ಬ್ಲಿಯ ಗದ್ದೆ ವಿಷಯ ಬಂತು. ಇಪ್ಪತ್ತು ಆರೆ ಇದೆ ಅಂದ್ರು. ಒಂದು ಆರೆ ಅಂದ್ರೆ 100 ಚದರ ಮೀಟರ್, ಹೆಚ್ಚುಕಮ್ಮಿ ನಮ್ಮ ಒಂದು ಗುಂಟೆ. ಹಾಗಾಗಿ ಅರ್ಧ ಎಕರೆ ಅಂದ್ಕೊಳ್ಳಿ. ಪಕ್ಕದ ಗದ್ದೆ ಮಾರಾಟ ಆಗಿ ವಿಲ್ಲಾ ಆಗಿದೆ. "ಅವನು ಮಾರಿದ್ದು ಅವನ ಗದ್ದೆ. ಆದ್ರೆ ನನ್ನ ನೀರು ಅದರೊಳಗೇ ಬರ್ತಿತ್ತು" ಅಂದ್ರು. ಗೋಡೆ ಕಟ್ಟೋವಾಗ ಕಾಲುವೆ ಸಣ್ಣದಾಯ್ತು. ಸುತ್ತ ಬೆಲೆ ಏರಿದ್ದಕ್ಕೆ ಇವರ ಭೂತೆರಿಗೆಯೂ ಏರಿತು. ಸುಬಕ್‌ನಲ್ಲಿ ಜನ ಕಡಿಮೆ ಆದಷ್ಟೂ ಉಳಿದವರ ಪಾಲಿಗೆ ಕಾಲುವೆ ಹೂಳೆತ್ತೋ ಕೆಲಸ ಜಾಸ್ತಿ. ನಾನು ಪೆದ್ದುಪೆದ್ದಾಗಿ ಕೇಳಿದೆ, ಪ್ರವಾಸೋದ್ಯಮದಿಂದ ನಿಮಗೆ ಲಾಭ ಇಲ್ವಾ ಬ್ಲಿ? "ಇದೆಯಲ್ಲ, ಕಾರು ಓಡಿಸ್ತಿದ್ದೀನಿ. ಗದ್ದೆ ಸಾಕಿದ್ರೆ ನೀವು ನನ್ನನ್ನ ನೋಡ್ತಿದ್ದಿದ್ದು ತೆಗಲ್ಲಲಾಂಗ್‌ನ ಆ ಅಡ್ಡಗೋಲಿನ ಹತ್ತಿರ" ಅಂತ ನಕ್ಕರು.

ಹೋಗೋರಿಗೆ ಎರಡು ಮಾತು. 2024ರ ಫೆಬ್ರವರಿ 14ರಿಂದ ಪ್ರತಿ ವಿದೇಶಿ ಪ್ರವಾಸಿಯೂ ಬಾಲಿಗೆ 1,50,000 ರುಪಿಯಾ ಶುಲ್ಕ ಕಟ್ಟಬೇಕು, ಆನ್‌ಲೈನಲ್ಲೇ ಆಗತ್ತೆ. ದೇವಸ್ಥಾನಕ್ಕೆ ಸೊಂಟದಿಂದ ಕೆಳಗೆ ಸರಾಂಗ್ ಕಡ್ಡಾಯ. ಗದ್ದೆಯಲ್ಲಿ ದಾರಿ ಬಿಟ್ಟು ನಡೀಬೇಡಿ. ಮತ್ತೆ ಬಿದಿರಿನ ಅಡ್ಡಗೋಲಿಗೆ ಚಿಲ್ಲರೆ ಇಟ್ಕೊಳ್ಳಿ, ಜೋಕಾಲಿಗೆ ಕೊಡೋ ದುಡ್ಡಿನ ಮುಂದೆ ಅದೇನೂ ಅಲ್ಲ.

ಕೊನೆಗೆ ಜಲಪಾತ, ತೆಗೆನುಂಗನ್. ಉಬುದ್‌ನ ದಕ್ಷಿಣಕ್ಕೆ ಬರತ್ತೆ. ಮೇಲಿಂದ ಮೆಟ್ಟಿಲು ಇಳಿದು ನೀರಿನ ಎದುರು ನಿಂತಾಗ ಬ್ಲಿ ಹೇಳಿದ್ರು, ಈ ನದಿಯೇ ಪೆತಾನು ಅಂತ. ಮಾಯಾದನಾವನ ರಕ್ತದ ನದಿ, ಕಂಪ್ಯೂಟರ್ ಮಾದರಿಯ ನದಿ. ನನ್ನ ಕಣ್ಣೆದುರು ಬೀಳ್ತಾ ಇದ್ದಿದ್ದು ಮೇಲಿನ ಎಷ್ಟೋ ಗದ್ದೆಗಳವರು ತಮ್ಮ ಪಾಲು ತಗೊಂಡು ಕೆಳಗಿನವರಿಗೆ ಬಿಟ್ಟ ನೀರು. ಶಾಪ ಏನಾಯ್ತು ಬ್ಲಿ ಅಂದೆ. "ಸಾವಿರ ವರ್ಷ ಮುಗೀತು, ಈಗ ಬೆಳೀತಾರೆ" ಅಂದ್ರು.

ವಾಪಸ್ ಬರೋವಾಗ ಟ್ರಾಫಿಕಲ್ಲಿ ಅವರ ಫೋನಿಗೆ ಮೆಸೇಜ್ ಬಂತು. ಸುಬಕ್‌ನ ವಾಟ್ಸಾಪ್ ಗುಂಪು. ಮಾರನೇ ದಿನ ಬೆಳಿಗ್ಗೆ ಕಾಲುವೆ ಕೆಲಸ, ಬರದವರಿಗೆ ದಂಡ. ಬ್ಲಿಗೆ ಮಾರನೇ ದಿನ ಇನ್ನೊಂದು ಟೂರ್ ಬುಕ್ ಆಗಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಸ್ವಲ್ಪ ಹೊತ್ತು ಫೋನನ್ನೇ ನೋಡ್ತಾ ಕೂತ್ರು. ಆಮೇಲೆ ತಮ್ಮನಿಗೆ ಫೋನ್ ಮಾಡಿದ್ರು, ಕಾರು ನೀನು ತಗೊಂಡು ಹೋಗ್ತೀಯಾ ಅಂತ ಕೇಳೋಕೆ.