ಅಬ್ಬರದ ಸಂಗೀತ ಮತ್ತು ನಮ್ಮ ಮಕ್ಕಳು



ಕೆಲವು ತಿಂಗಳ ಹಿಂದೆ ಒಂದು ಭಾನುವಾರ, ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ, ಮಾಗಡಿ ಸೀಮೆಯ ಗುಡೇಮಾರನಹಳ್ಳಿಯ ಕಡೆಯ ತಾಯಿಯೊಬ್ಬರು ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದು ನನ್ನ ಬಳಿಗೆ ಬಂದರು. ಚೀಲದೊಳಗೆ ಒಂದು ಕಪ್ಪು ಅಂಗಿ. ಅದರ ಎದೆಯ ಮೇಲೆ ತಲೆಬುರುಡೆ, ಸುತ್ತಲೂ ಬೆಂಕಿ, ಮುಳ್ಳುಬೇಲಿಯಂತೆ ಹೆಣೆದುಕೊಂಡ ಅಕ್ಷರಗಳು. “ಸ್ವಾಮಿ, ಇದನ್ನ ಮನೇಲಿ ಇಟ್ಕೋಬಹುದಾ, ಸುಟ್ಟುಬಿಡಬೇಕಾ? ನೀವೇ ಹೇಳಿ” ಎಂದರು.

ಅಂಗಿ ಅವರ ಮಗನದು. ಆತ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಹಿಂದೆ ನಮ್ಮ ಗಾನವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದವನು. ಸ್ವರಜ್ಞಾನ ತಂದೆಯಿಂದ ಬಂದದ್ದು. ತಂದೆ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸುವವರು. ಊರಿನಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟಿದಾಗಲೂ ಹಾರ್ಮೋನಿಯಂ ಮೇಷ್ಟ್ರು ಅವರೇ. ಮಗ ನಾಲ್ವರು ಗೆಳೆಯರೊಡನೆ ಹೆವಿ ಮೆಟಲ್ ತಂಡವೊಂದನ್ನು ಕಟ್ಟಿದ್ದಾನೆಂದು ತಿಳಿದ ದಿನದಿಂದ ಎಂಟು ತಿಂಗಳಾದರೂ ತಂದೆ ಮಗನೊಡನೆ ಮಾತನಾಡಿರಲಿಲ್ಲ. “ನೀವೇ ತಾನೇ ಸ್ವಾಮಿ ಪ್ರಬೋಧನೇಲಿ ಹೇಳಿದ್ದು, ಅದು ಸೈತಾನನ ಸಂಗೀತ ಅಂತ” ಎಂದರು ಆ ತಾಯಿ. ಅವರ ದನಿಯಲ್ಲಿ ಆರೋಪವಿರಲಿಲ್ಲ. ನನ್ನನ್ನು ಚುಚ್ಚಿದ್ದು ಅದೇ.

ಹೌದು, ಹಾಗೆ ಹೇಳಿದ್ದವನು ನಾನೇ. ಆದರೆ ಆ ಸಂಗೀತವನ್ನು ನಾನು ಹತ್ತು ನಿಮಿಷವಾದರೂ ಕುಳಿತು ಕೇಳಿದವನಲ್ಲ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಕಲಿತ ಮೊದಲ ಪಾಠವೆಂದರೆ, ಎದುರು ಪಕ್ಷವನ್ನು ಪೂರ್ತಿಯಾಗಿ ಅರಿತ ಮೇಲೆಯೇ ಉತ್ತರಿಸಬೇಕು ಎಂಬುದು. ಸಂತ ಥಾಮಸ್ ಅಕ್ವಿನಾಸರು ಪ್ರತಿಯೊಂದು ಪ್ರಶ್ನೆಯಲ್ಲಿಯೂ ಆಕ್ಷೇಪಗಳನ್ನೇ ಮೊದಲು ಮುಂದಿಡುತ್ತಾರೆ. ನಮ್ಮ ನಾಡಿನ ಪಂಡಿತರು ಇದನ್ನೇ ಪೂರ್ವಪಕ್ಷವೆಂದರು. ನಾನು ಪೂರ್ವಪಕ್ಷವನ್ನು ಕೇಳದೆಯೇ ತೀರ್ಪು ಕೊಟ್ಟಿದ್ದೆ. ಅದರಿಂದ ಒಂದು ಮನೆ ಒಡೆದಿತ್ತು.

ಹುಡುಗನಿಗೆ ದೂರವಾಣಿ ಮಾಡಿದೆ. “ಮುಂದಿನ ಶನಿವಾರ ಒಂದು ಗಿಗ್ ಇದೆ ಫಾದರ್, ಬರ್ತೀರಾ?” ಎಂದ. ಗಿಗ್ ಎಂದರೆ ಅವರ ಮಾತಿನಲ್ಲಿ ವೇದಿಕೆಯ ಕಾರ್ಯಕ್ರಮ. ತಂದೆಯನ್ನೂ ಕರೆದೊಯ್ಯಬೇಕೆಂದು ನಿಶ್ಚಯಿಸಿದೆ. ಮೊದಲು ಅವರು ಒಪ್ಪಲಿಲ್ಲ. “ನನಗೆ ಸ್ವರ ತಿಳಿಯದು, ಬಲ್ಲವರೊಬ್ಬರು ಜೊತೆಗಿರಬೇಕು” ಎಂದಾಗ ಹೊರಟರು.

ಹೋಗುವ ಮುನ್ನ ಒಂದಿಷ್ಟು ಓದಿಕೊಂಡೆ. ಈ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕಾರ್ಮಿಕರ ಕೇರಿಯಲ್ಲಿ. ಟೋನಿ ಐಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಅಲ್ಲಿನ ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಹಾಕಿತು. ಎಡಚನಾದ ಅವನಿಗೆ ಗಿಟಾರಿನ ತಂತಿಯನ್ನು ಒತ್ತುವ ಕೈ ಅದೇ. ಮುಂದೆಂದೂ ನುಡಿಸಲಾರೆ ಎಂದರು. ಅವನು ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತೆಳು ತಂತಿಗಳನ್ನು ಕಟ್ಟಿದ. ಮುಂದೆ ಅವುಗಳ ಬಿಗಿಯನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. ಆ ಭಾರವಾದ, ಗವಿಯೊಳಗಿನಿಂದ ಬಂದಂತಹ ನಾದಕ್ಕೆ ಕಾರ್ಖಾನೆಯ ಆ ಗಾಯವೂ ಒಂದು ಕಾರಣ. ಅವನ ತಂಡ ‘ಬ್ಲ್ಯಾಕ್ ಸಬ್ಬತ್’. ಅವರ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1970ರ ಫೆಬ್ರವರಿ 13ರಂದು. ಹಾಡುಗಳ ಬಹುಭಾಗವನ್ನು ಬರೆದ ಗೀಝರ್ ಬಟ್ಲರ್ ಐರಿಷ್ ಕಥೋಲಿಕ ಮನೆಯಲ್ಲಿ ಬೆಳೆದವನು. ಗಾಯಕ ಓಝಿ ಆಸ್ಬರ್ನ್‌ನ ತಂದೆ ಕಾರ್ಖಾನೆಯ ಕುಶಲಕರ್ಮಿ. ತಂಡದವರು ಕೊರಳಿಗೆ ಹಾಕಿಕೊಳ್ಳಲೆಂದು ಅಲ್ಯೂಮಿನಿಯಂ ಶಿಲುಬೆಗಳನ್ನು ಮಾಡಿಕೊಟ್ಟವನು ಆತನೇ. ಮಗ ಹಾಡುವುದು ಅರ್ಥವಾಯಿತೋ ಇಲ್ಲವೋ, ಆ ತಂದೆ ತನಗೆ ತಿಳಿದ ಕೆಲಸದಿಂದಲೇ ಮಗನ ಜೊತೆ ನಿಂತ. 2025ರ ಜುಲೈ 5ರಂದು ಅದೇ ಊರಿನಲ್ಲಿ ಕಡೆಯ ಬಾರಿಗೆ ಹಾಡಿದ ಓಝಿ, ಹದಿನೇಳು ದಿನಗಳ ಬಳಿಕ ತೀರಿಕೊಂಡ.

ನಮ್ಮ ಬೆಂಗಳೂರಿಗೂ ಈ ಸಂಗೀತ ಹೊಸತಲ್ಲ. 1996ರಲ್ಲಿ ಆರಂಭವಾದ ‘ಫ್ರೀಡಂ ಜ್ಯಾಮ್’ನಂತಹ ಉಚಿತ ಕಾರ್ಯಕ್ರಮಗಳೂ ಕಾಲೇಜುಗಳ ಉತ್ಸವಗಳೂ ಎಷ್ಟೋ ಹವ್ಯಾಸಿ ತಂಡಗಳಿಗೆ ಮೊದಲ ವೇದಿಕೆಯಾದವು. 1998ರಲ್ಲಿ ಇಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. 2007ರ ಮಾರ್ಚ್ 17ರಂದು ‘ಐರನ್ ಮೇಡನ್’, 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ಅರಮನೆ ಮೈದಾನದಲ್ಲಿ ನುಡಿಸಿದಾಗ ದೇಶದ ಮೂಲೆಮೂಲೆಗಳಿಂದ ಯುವಕರು ಬಂದರು. ಆ ‘ಐರನ್ ಮೇಡನ್’ ತಂಡದಲ್ಲಿ ಅಂದು ಡ್ರಮ್ ಬಾರಿಸಿದ ನಿಕೋ ಮೆಕ್‌ಬ್ರೇನ್ 1999ರಿಂದ ಕ್ರಿಸ್ತವಿಶ್ವಾಸವನ್ನು ಬಹಿರಂಗವಾಗಿ ಹೇಳಿಕೊಂಡವನು ಎಂಬುದನ್ನು ನನ್ನ ಪ್ರಬೋಧನೆಯಲ್ಲಿ ನಾನು ಹೇಳಿರಲಿಲ್ಲ, ನನಗೇ ತಿಳಿದಿರಲಿಲ್ಲ.

ನಾವು ಹೋದ ವೇದಿಕೆ ಅರಮನೆ ಮೈದಾನದ್ದಲ್ಲ. ಒಂದು ಚಿಕ್ಕ ಸಭಾಂಗಣ, ಹೆಚ್ಚೆಂದರೆ ನೂರು ಮಂದಿ. ಹುಡುಗರ ತಂಡಕ್ಕೆ ದೊರೆತದ್ದು ಅರ್ಧ ಗಂಟೆ, ಐದು ಹಾಡು. ಸಂಭಾವನೆ ಊಟ ಮಾತ್ರ. ಐವರೂ ವಾರವೆಲ್ಲ ದುಡಿದು, ಭಾನುವಾರ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆತ್ತು, ಕಿಟಕಿಯಿಲ್ಲದ ಕೋಣೆಯಲ್ಲಿ ಅಭ್ಯಾಸ ಮಾಡುವವರು. “ನಷ್ಟವೇ ಅಲ್ಲವೇನಪ್ಪ?” ಎಂದೆ. “ನಮ್ಮೂರಲ್ಲಿ ದುರ್ಯೋಧನನ ಪಾರ್ಟ್ ಮಾಡೋಕೆ ದುಡ್ಡು ಕೊಡಲ್ವಾ ಫಾದರ್? ಹಾಗೇ ಇದು” ಎಂದ. ನಾನು ನಕ್ಕೆ. ಅವನು ನಗದೆ ಮುಂದುವರಿಸಿದ: “ಶಕುನಿ ಪಾರ್ಟ್ ಮಾಡಿದವರನ್ನ ಊರಲ್ಲಿ ಯಾರೂ ಶಕುನಿ ಅನ್ನಲ್ಲ. ಅಪ್ಪಾನೇ ಆ ಪದಗಳಿಗೆ ಹಾರ್ಮೋನಿಯಂ ನುಡಿಸ್ತಾರೆ.” ತಂದೆ ಎರಡು ಮಾರು ದೂರದಲ್ಲಿ ನಿಂತು ಬೇರೆಡೆಗೆ ನೋಡುತ್ತಿದ್ದರು. ಕೇಳಿಸಿರಬೇಕು.

ಹೊರಗಿನವರಿಗೆ ಅಬ್ಬರವಾಗಿ ಕಾಣುವ ಆ ಅರ್ಧ ಗಂಟೆಯ ಹಿಂದೆ ಎಷ್ಟು ಅಳುಕಿದೆಯೆಂದು ಆಗ ಕಂಡೆ. ಹಿಂದಿನ ತಂಡ ಇಳಿದು ಇವರು ಹತ್ತುವುದಕ್ಕೆ ಹತ್ತು ನಿಮಿಷ. ಡ್ರಮ್ಮುಗಳು ಎಲ್ಲ ತಂಡಗಳಿಗೂ ಸೇರಿ ಒಂದೇ. ಡ್ರಮ್ ಬಾರಿಸುವವನು ತನ್ನ ಜೋಡಿ ಪೆಡಲನ್ನು ಚೀಲದಲ್ಲಿ ಹೊತ್ತು ತಂದು ನಡುಗುವ ಕೈಯಿಂದ ತಿರುಪು ಬಿಗಿಯುತ್ತಿದ್ದ. ನಮ್ಮೂರಿನ ತಮಟೆಯವರು ಮೆರವಣಿಗೆಗೆ ಮುನ್ನ ಹುಲ್ಲಿನ ಬೆಂಕಿಯಲ್ಲಿ ತಮಟೆ ಕಾಯಿಸಿ, ಒಂದೆರಡು ಪೆಟ್ಟು ಹಾಕಿ, ಕಿವಿಗೊಟ್ಟು ಕೇಳುವುದು ನೆನಪಾಯಿತು. ಹಾಡುವವನು ತನ್ನ ದನಿ ತನಗೇ ಕೇಳಿಸುತ್ತಿಲ್ಲವೆಂದು ಸನ್ನೆ ಮಾಡುತ್ತಿದ್ದ. ಅವನ ಎದುರಿಗಿದ್ದ ಸ್ಪೀಕರ್ ಕೊನೆಯವರೆಗೂ ಸರಿಹೋಗಲಿಲ್ಲ. ಆ ಗುಡುಗುವ ದನಿಗೂ ಶಿಕ್ಷಣವಿದೆಯಂತೆ: “ಗಂಟಲಿಂದ ಕಿರುಚಿದ್ರೆ ಮೂರು ದಿನ ಮಾತೇ ಬರಲ್ಲ ಫಾದರ್, ಉಸಿರು ಹೊಟ್ಟೆಯಿಂದ ಬರಬೇಕು.” ಗಾನವೃಂದದವರಿಗೆ ನಾವು ಹೇಳುವುದೂ ಇದನ್ನೇ.

ಮೊದಲ ಪೆಟ್ಟು ಕಿವಿಗೆ ಬೀಳಲಿಲ್ಲ, ಎದೆಗೆ ಬಿತ್ತು. ನಾನು ಹತ್ತಿ ಇಟ್ಟುಕೊಂಡೆ. ಎರಡನೆಯ ಹಾಡಾಗಿ ಅವರು ನುಡಿಸಿದ್ದು ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಮುದ್ರಿಕೆಯ ಮೊದಲ ಹಾಡು. ಹುಡುಗ ಮೂರೇ ಸ್ವರಗಳನ್ನು ಬಹು ನಿಧಾನವಾಗಿ ಎತ್ತಿದ. ತಂದೆ ಅದುವರೆಗೆ ತಲೆ ತಗ್ಗಿಸಿ ಕುಳಿತಿದ್ದವರು ತಟ್ಟನೆ ತಲೆಯೆತ್ತಿ ನನ್ನ ಕಿವಿಯ ಬಳಿ ಬಾಗಿ ಕೂಗಿದರು: “ಕೆಳಗಿನ ಸಾ, ಮೇಲಿನ ಸಾ, ಆಮೇಲೆ ಪ್ರತಿ ಮಧ್ಯಮ ಅಲ್ವಾ ಸ್ವಾಮಿ?”

ಅದೇ ಸ್ವರಾಂತರವನ್ನು ಯೂರೋಪಿನ ಸಂಗೀತಶಾಸ್ತ್ರಜ್ಞರು ಒಂದು ಕಾಲದಲ್ಲಿ ‘ಸಂಗೀತದೊಳಗಿನ ಪಿಶಾಚಿ’ ಎಂದು ಕರೆದಿದ್ದರು. ಧರ್ಮಸಭೆ ಅದನ್ನು ನಿಷೇಧಿಸಿತ್ತೆಂಬ ಕಥೆ ಇಂದಿಗೂ ಹರಿದಾಡುತ್ತಿದೆ, ಅದಕ್ಕೆ ಆಧಾರವಿಲ್ಲ. ಅದು ಹಾಡಲು ಕಷ್ಟ, ಕೇಳಲು ಕರ್ಕಶ ಎಂದು ದೂರವಿಟ್ಟರು, ಅಷ್ಟೇ. ನಮ್ಮ ಕರ್ನಾಟಕ ಸಂಗೀತದಲ್ಲೋ ಷಡ್ಜಕ್ಕೆ ಎದುರಾಗಿ ಆ ಪ್ರತಿ ಮಧ್ಯಮವೇ ನಿಂತಿರುವ ರಾಗ ಕಲ್ಯಾಣಿ. ಕಲ್ಯಾಣಿ ಎಂದರೆ ಮಂಗಳಕರಳು! ಒಂದು ಕಡೆ ಪಿಶಾಚಿ ಎನಿಸಿಕೊಂಡದ್ದು ಇನ್ನೊಂದು ಕಡೆ ಮಂಗಳವಾಗಿದೆ. ಸ್ವರದಲ್ಲಿ ಪಾಪವಿಲ್ಲ. ಆ ಹಾಡಾದರೂ ಸೈತಾನನನ್ನು ಹೊಗಳುವುದಿಲ್ಲ. ಅವನನ್ನು ಕಂಡು ಹೆದರಿದವನೊಬ್ಬ ದೇವರ ನೆರವಿಗಾಗಿ ಕೂಗಿಕೊಳ್ಳುವ ಹಾಡದು.

ಮೂರನೆಯ ಹಾಡಿನ ನಡುವೆ ನಮ್ಮ ಹುಡುಗನ ಗಿಟಾರಿನ ತಂತಿ ಕಡಿಯಿತು. ಒಂದು ತಂತಿ ಹೋದರೆ ಉಳಿದ ಐದರ ಶ್ರುತಿಯೂ ತಪ್ಪುವಂತಹ ಗಿಟಾರ್ ಅದು. ಅವನು ನುಡಿಸುವುದನ್ನು ನಿಲ್ಲಿಸಿ ಡ್ರಮ್ಮಿನವನ ಕಡೆ ನೋಡಿದ. ಆ ಒಂದು ನೋಟ ಸಾಕಾಯಿತು. ಡ್ರಮ್ಮು ಮತ್ತು ಬಾಸ್ ಗಿಟಾರಿನವರು ಮುಂದಿನ ಚರಣಕ್ಕೆ ಹೋಗದೆ ಅದೇ ನಾಲ್ಕು ಆವರ್ತಗಳಲ್ಲಿ ಸುತ್ತತೊಡಗಿದರು; ಇನ್ನೊಬ್ಬ ಗಿಟಾರಿನವನು ಇವನ ಪಾಲನ್ನೂ ತಾನೇ ಎತ್ತಿಕೊಂಡ; ಮುಂದಿನ ಸರದಿಗೆ ಕಾದಿದ್ದ ತಂಡದ ಹುಡುಗನೊಬ್ಬ ತನ್ನ ಗಿಟಾರನ್ನು ಕಳಚಿ ಕೊಟ್ಟ. ಒಂದು ನಿಮಿಷದಲ್ಲಿ ಇವನು ಮರಳಿ ಸೇರಿಕೊಂಡ. ಕೆಳಗೆ ಕುಣಿಯುತ್ತಿದ್ದ ಗುಂಪಿನಲ್ಲಿ ಹೆಚ್ಚಿನವರಿಗೆ ಏನಾಯಿತೆಂದೇ ತಿಳಿದಿರಲಾರದು. ಆ ಗುಂಪನ್ನೂ ನೋಡಿದೆ: ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು, ಆದರೆ ಒಬ್ಬ ಬಿದ್ದೊಡನೆ ನಾಲ್ಕು ಕೈಗಳು ಅವನನ್ನು ಎತ್ತಿ ನಿಲ್ಲಿಸಿದವು.

ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಗೋಳಾಟದ ಧಾಟಿಗಳನ್ನು ಆದರ್ಶ ನಗರದಿಂದ ಹೊರಹಾಕಿದ. ಅವನ ಶಿಷ್ಯ ಅರಿಸ್ಟಾಟಲ್ ‘ಪಾಲಿಟಿಕ್ಸ್’ನ ಎಂಟನೆಯ ಭಾಗದಲ್ಲಿ, ಉದ್ರೇಕದ ಸಂಗೀತವು ಭಯ ಮತ್ತು ಮರುಕಗಳಿಂದ ಭಾರವಾದ ಮನಸ್ಸನ್ನು ಹಗುರಗೊಳಿಸಬಲ್ಲದು ಎಂದ. ನಾನು ವರ್ಷಗಳಿಂದ ಪ್ಲೇಟೋವಿನ ಪಕ್ಷದಲ್ಲಿದ್ದವನು. ಆ ರಾತ್ರಿ ಗುರುವಿಗಿಂತ ಶಿಷ್ಯನ ಮಾತು ಸತ್ಯಕ್ಕೆ ಹತ್ತಿರವೆನಿಸಿತು. ನಮ್ಮ ಕೀರ್ತನೆಗಳಲ್ಲಿಯೂ ಎಂಬತ್ತೆಂಟನೆಯದು ಸಮಾಧಾನವಿಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದಲ್ಲವೇ? ಧರ್ಮಸಭೆ ಅದನ್ನು ತೆಗೆದುಹಾಕಲಿಲ್ಲ, ಪ್ರಾರ್ಥನೆಯಾಗಿ ಉಳಿಸಿಕೊಂಡಿತು.

ವಾದ್ಯಗಳ ವಿಷಯದಲ್ಲಿಯೂ ನಾವು ನಿಧಾನವಾಗಿ ಕಲಿತವರು. 1903ರಲ್ಲಿ ಹತ್ತನೆಯ ಭಕ್ತಿನಾಥ ಜಗದ್ಗುರುಗಳು ದೇವಾಲಯದೊಳಗೆ ಪಿಯಾನೊ, ಡ್ರಮ್ಮು, ತಾಳಗಳನ್ನು ನಿಷೇಧಿಸಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ಆರಾಧನೆಯ ಘನತೆಗೆ ಹೊಂದುವ ಇತರ ವಾದ್ಯಗಳಿಗೂ ಸ್ಥಳೀಯ ಅಧಿಕಾರಿಗಳ ಒಪ್ಪಿಗೆಯ ಮೇಲೆ ಬಾಗಿಲು ತೆರೆಯಿತು. ನಮ್ಮ ಮೇಷ್ಟರ ಹಾರ್ಮೋನಿಯಂ ಕೂಡ, ಭಾರತೀಯ ಸಂಗೀತಕ್ಕೆ ಒಗ್ಗದೆಂಬ ಕಾರಣಕ್ಕೆ, 1940ರಿಂದ 1971ರವರೆಗೆ ನಮ್ಮ ದೇಶದ ಬಾನುಲಿಯಿಂದ ಬಹಿಷ್ಕೃತವಾಗಿತ್ತು.

ಹಾಗೆಂದು ಎಲ್ಲವನ್ನೂ ಒಪ್ಪಿಬಿಡಿ ಎನ್ನುತ್ತಿಲ್ಲ. ವೇದಿಕೆ ಬೇರೆ, ಬಲಿಪೀಠ ಬೇರೆ. ಹಿಂಸೆಯನ್ನೂ ದ್ವೇಷವನ್ನೂ ಮೆರೆಸುವ ಹಾಡುಗಳು ಈ ಸಂಗೀತದಲ್ಲಿವೆ. ಮಕ್ಕಳೊಡನೆ ಕುಳಿತು ಸಾಲುಗಳನ್ನು ಓದಿ, ಮಾತನಾಡಿ. ಕಿವಿಯ ಎಚ್ಚರವೂ ಬೇಕು: ನೂರು ಡೆಸಿಬೆಲ್ ಸದ್ದಿನಲ್ಲಿ ಹದಿನೈದು ನಿಮಿಷ ಮೀರಿದರೆ ಶ್ರವಣಕ್ಕೆ ಅಪಾಯವೆಂದು ತಜ್ಞರು ಹೇಳುತ್ತಾರೆ, ಕಿವಿಗೆ ಬಿರಡೆಯಿಲ್ಲದೆ ಕಳುಹಿಸಬೇಡಿ. ಮೆಚ್ಚುಗೆಯ ಅಮಲೂ ಇದೆ. ಇಟಲಿಯ ಕಪುಚಿನ್ ಸಹೋದರ ಚೆಸಾರೆ ಬೊನಿಜ್ಜಿ ಅರವತ್ತು ದಾಟಿದ ಮೇಲೆ ಮೆಟಲ್ ತಂಡ ಕಟ್ಟಿ, 2008ರಲ್ಲಿ ದೊಡ್ಡ ಉತ್ಸವವೊಂದರಲ್ಲಿ ಸನ್ಯಾಸದ ಅಂಗಿ ತೊಟ್ಟೇ ಹಾಡಿದರು. ಮರುವರ್ಷ ತಾವಾಗಿಯೇ ನಿಲ್ಲಿಸಿದರು. ಸಂಗೀತ ಕೆಟ್ಟದ್ದೆಂದಲ್ಲ, ಖ್ಯಾತಿ ತಮ್ಮನ್ನು ತಮ್ಮವರಿಂದ ದೂರ ಮಾಡುತ್ತಿದೆಯೆಂದು.

ಹಿಂದಿರುಗುವಾಗ ಹುಡುಗನೂ ನಮ್ಮೊಡನೆ ಊರಿಗೆ ಹೊರಟ. ಬಹಳ ದೂರದವರೆಗೆ ಮೂವರೂ ಮಾತಿಲ್ಲದೆ ಕುಳಿತಿದ್ದೆವು. ಕೊನೆಗೆ ತಂದೆ ಕಿಟಕಿಯ ಕಡೆಯೇ ನೋಡುತ್ತ ಕೇಳಿದರು: “ತಂತಿ ಎಷ್ಟಾಗುತ್ತೆ ಒಂದಕ್ಕೆ?” ಎಂಟು ತಿಂಗಳ ನಂತರದ ಮೊದಲ ಮಾತು ಅದು. ಮಗ ಬೆಲೆ ಹೇಳಿದ. “ಮುಂದಿನ ಸಲ ಇನ್ನೊಂದು ಜೊತೆ ಇಟ್ಕೊಂಡಿರಬೇಕಪ್ಪ” ಎಂದರು.

ಆ ಪ್ರಬೋಧನೆಯ ತಪ್ಪನ್ನು ಮರುವಾರ ಅದೇ ಬಲಿಪೀಠದ ಮುಂದೆ ಒಪ್ಪಿಕೊಂಡೆ. ಈ ಅಂಕಣದಲ್ಲಿಯೂ ಒಪ್ಪಿಕೊಳ್ಳುತ್ತಿದ್ದೇನೆ. ಆ ತಾಯಿಗೆ ನಾನು ಕೊಟ್ಟ ಉತ್ತರವನ್ನೇ, ಇಂತಹ ಅಂಗಿಯೊಂದು ಮನೆಯಲ್ಲಿರುವ ಎಲ್ಲ ತಂದೆತಾಯಿಯರಿಗೂ ಕೊಡುತ್ತೇನೆ: ಸುಡಬೇಡಿ ಅಮ್ಮಾ, ಒಗೆದು ಮಡಿಸಿಡಿ. ಅವನು ಮನೆಗೆ ಬಂದಾಗ ಕೇಳುತ್ತಾನೆ.