ಗಣಕಯಂತ್ರಕ್ಕೂ ರೋಗಿಯ ಹಾಸಿಗೆಗೂ ನಡುವೆ ಒಂದು ಸೇವೆ

ಆಸ್ಪತ್ರೆಯ ಸೇವೆಯೆಂದೊಡನೆ ನಮ್ಮ ನೆನಪಿಗೆ ಬರುವವರು ವೈದ್ಯರು, ದಾದಿಯರು ಹಾಗೂ ಧರ್ಮಭಗಿನಿಯರು. ನಮ್ಮ ಕಥೋಲಿಕ ಕುಟುಂಬಗಳಿಂದ, ಅದರಲ್ಲೂ ಕರಾವಳಿಯಿಂದ, ಅನೇಕ ಹೆಣ್ಣುಮಕ್ಕಳು ಶುಶ್ರೂಷೆಯ ವೃತ್ತಿಯನ್ನು ಕೈಗೊಂಡು ಊರಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ದುಡಿಯುತ್ತಿದ್ದಾರೆ. ಇದೇ ವೃತ್ತಿಯ ಒಂದು ಕವಲು ನಮ್ಮಲ್ಲಿ ಇನ್ನೂ ಅಷ್ಟಾಗಿ ಪರಿಚಿತವಾಗಿಲ್ಲ. ಅದು ರೋಗಿಗಳ ವಿದ್ಯುನ್ಮಾನ ದಾಖಲೆಯನ್ನು ರೂಪಿಸುವ ಚಿಕಿತ್ಸಾ ತಜ್ಞರ ಕೆಲಸ.

ಹಿಂದೆ ರೋಗಿಯ ವಿವರಗಳೆಲ್ಲ ಕೇಸ್ ಶೀಟಿನಲ್ಲಿ ಇರುತ್ತಿದ್ದವು. ಇಂದು ಅನೇಕ ಆಸ್ಪತ್ರೆಗಳಲ್ಲಿ ಆ ಸ್ಥಾನವನ್ನು ಗಣಕಯಂತ್ರ ಪಡೆದಿದೆ. ರೋಗಿಗೆ ಯಾವ ಔಷಧಿ ಒಗ್ಗದು, ರಕ್ತಪರೀಕ್ಷೆಯಲ್ಲಿ ಏನು ಕಂಡಿತು, ರಾತ್ರಿ ಎಷ್ಟು ಗಂಟೆಗೆ ಯಾವ ಚುಚ್ಚುಮದ್ದು ಕೊಡಲಾಯಿತು ಎಂಬುದೆಲ್ಲ ಪರದೆಯ ಮೇಲೆ ಮೂಡುತ್ತದೆ. ವೈದ್ಯರ ಬರಹವನ್ನು ತಪ್ಪಾಗಿ ಓದುವ ಅಪಾಯ ತಗ್ಗುತ್ತದೆ. ಆದರೆ ಯಂತ್ರವನ್ನು ಬಲ್ಲ ಎಂಜಿನಿಯರಿಗೆ ವಾರ್ಡಿನ ನಡುರಾತ್ರಿಯ ಅನುಭವವಿರುವುದಿಲ್ಲ. ಆದಕಾರಣ ರೋಗಿಗಳ ನಡುವೆ ವರ್ಷಗಟ್ಟಲೆ ದುಡಿದ ದಾದಿಯೋ ವೈದ್ಯರೋ ಎಂಜಿನಿಯರರೊಡನೆ ಕುಳಿತು, ಯಾವ ವಿವರ ಎಲ್ಲಿ ಕಾಣಬೇಕು, ಯಾವ ಎಚ್ಚರಿಕೆ ಯಾವಾಗ ಬರಬೇಕು ಎಂಬುದನ್ನು ತಿಳಿಸಿಕೊಡಬೇಕು. ಎಚ್ಚರಿಕೆಗಳು ಅತಿಯಾದರೆ ಓದುವವರೇ ಇರುವುದಿಲ್ಲ; ಕಡಿಮೆಯಾದರೆ ಜೀವಕ್ಕೆ ಕುತ್ತು. ಈ ತೂಕವನ್ನು ಬಲ್ಲವರೇ ಚಿಕಿತ್ಸಾ ತಜ್ಞರು. ಸಿಬ್ಬಂದಿಗೆ ತರಬೇತಿ ನೀಡಿ, ಹೊಸ ವ್ಯವಸ್ಥೆಯ ಮೊದಲ ದಿನಗಳಲ್ಲಿ ವಾರ್ಡಿನಲ್ಲೇ ಇದ್ದು ನೆರವಾಗುವವರೂ ಅವರೇ.

ಈ ಕೆಲಸದ ಮಹತ್ವವನ್ನು ಅಮೆರಿಕದ ಒಂದು ಅನುಭವ ತಿಳಿಸಿಕೊಡುತ್ತದೆ. ಪಿಟ್ಸ್‌ಬರ್ಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ 2002ರಲ್ಲಿ ಔಷಧಿಗಳನ್ನು ಗಣಕಯಂತ್ರದಲ್ಲಿ ಬರೆಯುವ ಪದ್ಧತಿ ಜಾರಿಗೆ ಬಂತು. 2005ರಲ್ಲಿ ಅಲ್ಲಿನ ವೈದ್ಯರೇ ಪ್ರಕಟಿಸಿದ ಅಧ್ಯಯನದಂತೆ, ಬೇರೆ ಆಸ್ಪತ್ರೆಗಳಿಂದ ತರಲಾದ ಮಕ್ಕಳಲ್ಲಿ ಸಾವಿನ ಪ್ರಮಾಣ ಶೇಕಡಾ 2.80ರಿಂದ 6.57ಕ್ಕೆ ಏರಿತ್ತು. ಮೊದಲು ಮಗು ದಾರಿಯಲ್ಲಿರುವಾಗಲೇ ಔಷಧಿಗೆ ಹೇಳಿಡಬಹುದಿತ್ತು; ಹೊಸ ಪದ್ಧತಿಯಲ್ಲಿ ಮಗು ಬಂದು ನೋಂದಣಿಯಾಗುವ ತನಕ ಕಾಯಬೇಕಾಯಿತು. ಹಾಸಿಗೆಯ ಬಳಿ ಇರಬೇಕಾದವರು ಪರದೆಯ ಮುಂದೆ ಕುಳಿತರು. ಅದೇ ಕಂಪೆನಿಯ ವ್ಯವಸ್ಥೆಯನ್ನು ಸಿಯಾಟಲ್ ನಗರದ ಮಕ್ಕಳ ಆಸ್ಪತ್ರೆಯೂ ಅಳವಡಿಸಿಕೊಂಡಿತು. ಅಲ್ಲಿ ತೀವ್ರ ನಿಗಾ ಘಟಕಕ್ಕೆ ಬೇಕಾದ ಆದೇಶಪಟ್ಟಿಗಳನ್ನು ಮುಂಚಿತವಾಗಿ ಸಿದ್ಧಪಡಿಸಲಾಗಿತ್ತು. ಸಾವಿನ ಪ್ರಮಾಣ ಏರಲಿಲ್ಲ. ಯಂತ್ರ ಒಂದೇ ಬಗೆಯದು, ಫಲ ಮಾತ್ರ ಬೇರೆ.

ನಮ್ಮ ದೇಶದಲ್ಲಿಯೂ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳು 2013ರಲ್ಲಿ ಹೊರಬಂದು, 2016ರಲ್ಲಿ ಪರಿಷ್ಕೃತಗೊಂಡವು. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ರಾಷ್ಟ್ರವ್ಯಾಪಿಯಾಗಿ ಆರಂಭವಾಯಿತು. ಇದರಡಿ ಇಚ್ಛಿಸಿದವರಿಗೆ 14 ಅಂಕಿಗಳ ಆರೋಗ್ಯ ಸಂಖ್ಯೆ ದೊರೆಯುತ್ತದೆ. ಇದರೊಡನೆ ಗೌಪ್ಯತೆಯ ಹೊಣೆಯೂ ಬರುತ್ತದೆ. ಆಸ್ಪತ್ರೆಯ ಸಿಬ್ಬಂದಿಯೂ ರೋಗಿಯೂ ಒಂದೇ ಧರ್ಮಕೇಂದ್ರಕ್ಕೆ ಸೇರಿದವರಾಗಿರುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ನೆರೆಮನೆಯವರ ಕಾಯಿಲೆಯನ್ನು ಕುತೂಹಲದಿಂದ ತೆರೆದು ನೋಡುವುದು ಅವರ ಮಾನಕ್ಕೆ ಕೈಹಾಕಿದಂತೆ. ಯಾರು ಯಾವ ದಾಖಲೆಯನ್ನು ನೋಡಬಹುದು ಎಂಬ ಕಟ್ಟುಪಾಡನ್ನು ರೂಪಿಸುವುದರಲ್ಲಿಯೂ, ಯಾರು ಯಾವಾಗ ನೋಡಿದರೆಂಬುದು ದಾಖಲಾಗುವಂತೆ ಮಾಡುವುದರಲ್ಲಿಯೂ ಈ ತಜ್ಞರ ಪಾತ್ರವಿದೆ.

ರೋಗಿಗಳ ಹಾಗೂ ದಾದಿಯರ ಪಾಲಕರಾದ ಸಂತ ಕಮಿಲ್ಲಸರು (1550-1614), ತಾಯಿ ತನ್ನ ಒಬ್ಬನೇ ಮಗನ ಕಾಯಿಲೆಯಲ್ಲಿ ತೋರುವ ಅಕ್ಕರೆಯಿಂದ ರೋಗಿಯನ್ನು ನೋಡಿಕೊಳ್ಳಬೇಕೆಂದು ತಮ್ಮ ಸಂಗಾತಿಗಳಿಗೆ ಬೋಧಿಸಿದರು. ಅಂತಹ ತಾಯಿ ಮಗುವಿಗೆ ಯಾವ ಮದ್ದು ಆಗದೆಂಬುದನ್ನು ಮರೆಯಳು, ಅದರ ಸಂಕಟವನ್ನು ಬೀದಿಯಲ್ಲಿ ಹೇಳಳು. ಒಳ್ಳೆಯ ದಾಖಲೆಯ ಗುಣಗಳೂ ಇವೇ ಅಲ್ಲವೇ?

ಆದುದರಿಂದ ಗಣಕಯಂತ್ರದಲ್ಲಿ ಒಲವುಳ್ಳ ನಮ್ಮ ಯುವ ದಾದಿಯರು ಈ ಕ್ಷೇತ್ರದತ್ತ ಗಮನ ಹರಿಸಲಿ. ಆದರೆ ಮೊದಲು ಕೆಲವು ವರ್ಷ ವಾರ್ಡಿನಲ್ಲಿ ದುಡಿಯಲಿ. ಹಾಸಿಗೆಯ ಬದಿಯಲ್ಲಿ ಕಲಿತ ಪಾಠಕ್ಕೆ ಬದಲಾಗಬಲ್ಲ ಪ್ರಮಾಣಪತ್ರ ಯಾವುದೂ ಇಲ್ಲ. ಹೆತ್ತವರೂ ಇದನ್ನು ಶುಶ್ರೂಷೆಯನ್ನು ತೊರೆದು ಹೋಗುವ ಉದ್ಯೋಗವೆಂದು ಭಾವಿಸದಿರಲಿ. ರೋಗಿಯ ಕೈಹಿಡಿಯಲು ದಾದಿಗೆ ಬಿಡುವು ದೊರಕಿಸಿಕೊಡುವವರೂ ರೋಗಿಯನ್ನೇ ಸೇವಿಸುತ್ತಾರೆ.