ಜಪಾನೀ ಊಟಕ್ಕೆ ಹೊರಟಾಗ

ಜಪಾನೀ ಊಟ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಸಿ ಮೀನು. ಹೆಸರು ಕೇಳಿಯೇ ಮುಖ ಸಿಂಡರಿಸುವವರಿದ್ದಾರೆ. ಇನ್ನು ಕೆಲವರು, "ಮೀನು ತಾನೇ, ಅದರಲ್ಲಿ ಹರಾಮ್ ಏನಿದೆ?" ಎಂದು ಏನನ್ನೂ ವಿಚಾರಿಸದೆ ತಿಂದು ಬರುತ್ತಾರೆ. ಇವೆರಡೂ ಸರಿಯಾದ ದಾರಿಯಲ್ಲ. ಆ ಊಟದಲ್ಲಿ ಎಚ್ಚರ ಬೇಕಾದದ್ದು ಕಣ್ಣಿಗೆ ಕಾಣದೆ ಬೆರೆತಿರುವ ವಸ್ತುಗಳ ಬಗ್ಗೆ.

ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿತು. ಜಪಾನಿನ ಕುಟುಂಬಗಳು ಬೆಂಗಳೂರಿನಲ್ಲಿ ನೆಲೆಸಿದಂತೆ ಅವರ ಊಟದ ಹೋಟೆಲುಗಳೂ ಬಂದವು. ಇಂದು ನಮ್ಮ ಮಕ್ಕಳು ಸಹೋದ್ಯೋಗಿಗಳೊಡನೆ ಅಲ್ಲಿಗೆ ಹೋಗಬೇಕಾದ ಸಂದರ್ಭಗಳು ಬರುತ್ತವೆ.

ನನ್ನ ಅಣ್ಣನ ಮಗಳಿಗೆ ಬೆಂಗಳೂರಿನ ಕಂಪೆನಿಯೊಂದರಲ್ಲಿ ಕೆಲಸ ಸಿಕ್ಕಿತು. ಗೆಳತಿಯರು ಜಪಾನೀ ಹೋಟೆಲಿಗೆ ಕರೆದಾಗಲೆಲ್ಲ ಅವಳು ಹೊಟ್ಟೆ ಸರಿಯಿಲ್ಲವೆಂದು ನೆಪ ಹೇಳಿ ಉಳಿದುಬಿಡುತ್ತಿದ್ದಳು. ಹಲಾಲ್ ಬಗ್ಗೆ ಕೇಳಲು ಅವಳಿಗೆ ಸಂಕೋಚ. ಕೊನೆಗೆ ಒಂದು ಭಾನುವಾರ, "ನನ್ನ ಸಂಬಳದಲ್ಲಿ ಮನೆಯವರನ್ನೆಲ್ಲ ಕರೆದುಕೊಂಡು ಹೋಗುತ್ತೇನೆ, ನೀವು ಜೊತೆಗಿದ್ದರೆ ನನಗೆ ಧೈರ್ಯ" ಎಂದಳು. ನನ್ನ ಉಮ್ಮ ನಕ್ಕು, "ಹಸಿ ಮೀನು ತಿನ್ನಲು ನಾನೇನು ಬೆಕ್ಕಾ ಮಗಳೇ?" ಎಂದರು. ಆದರೂ ಹೊರಟರು.

ಫೋನಿನಲ್ಲಿ ಕೇಳಿದ ನಾಲ್ಕು ಪ್ರಶ್ನೆಗಳು

ಹೋಗುವ ಮೊದಲೇ ಹೋಟೆಲಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಲು ಅವಳಿಗೆ ಹೇಳಿದೆ.

ಮೊದಲನೆಯದು, ಯಾವ ಯಾವ ಪದಾರ್ಥಕ್ಕೆ ಮಿರಿನ್ ಅಥವಾ ಸಾಕೆ ಹಾಕುತ್ತಾರೆ? ಎರಡೂ ಅಕ್ಕಿಯಿಂದ ತಯಾರಾಗುವ ಮದ್ಯಗಳು. ಸಿಹಿಯಾದ ಅಸಲಿ ಮಿರಿನ್‌ನಲ್ಲಿ ಸುಮಾರು 14 ಶೇಕಡಾ ಆಲ್ಕೋಹಾಲ್ ಇರುತ್ತದೆ. ತೆರಿಯಾಕಿ ಕೋಳಿಗೆ ಹೊಳಪು ಕೊಡುವುದು ಇದೇ. "ಬೇಯಿಸಿದಾಗ ಹಾರಿ ಹೋಗುತ್ತದಲ್ಲ?" ಎನ್ನುವವರಿದ್ದಾರೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 15 ನಿಮಿಷ ಕುದಿಸಿದ ಅಡುಗೆಯಲ್ಲಿ ಹಾಕಿದ ಆಲ್ಕೋಹಾಲ್‌ನ ಸುಮಾರು 40 ಶೇಕಡಾ ಉಳಿದಿರುತ್ತದೆ. ಹಾರಿ ಹೋದರೂ ಮದ್ಯವನ್ನು ಅಡುಗೆಗೆ ಸುರಿಯುವುದೇ ನಮಗೆ ಸಲ್ಲದು.

ಎರಡನೆಯದು, ಕೋಳಿ ಮತ್ತು ಮಾಂಸ ಎಲ್ಲಿಂದ ಬರುತ್ತದೆ? ಮೂರನೆಯದು, ಹಂದಿಮಾಂಸ ಕರಿದ ಎಣ್ಣೆಯಲ್ಲೇ ತರಕಾರಿಯನ್ನೂ ಕರಿಯುತ್ತಾರೆಯೇ? ನಾಲ್ಕನೆಯದು, ಸಿಹಿತಿಂಡಿಗೆ ಜೆಲೆಟಿನ್ ಹಾಕುತ್ತಾರೆಯೇ?

ಅಡುಗೆಮನೆಯವರು ಬೇಸರವಿಲ್ಲದೆ ಉತ್ತರಿಸಿದರು. ಕೋಳಿಯ ಬಗ್ಗೆ ಖಚಿತವಾಗಿ ಹೇಳಲಾಗದು ಎಂದರು. ಕರಿಯುವ ಎಣ್ಣೆ ಒಂದೇ ಎಂದರು. ಮೀನನ್ನು ಬರಿಯ ಉಪ್ಪು ಸವರಿ ಬೇರೆ ಬಾಣಲೆಯಲ್ಲಿ ಸುಟ್ಟು ಕೊಡುತ್ತೇವೆ, ಸುಶಿಯ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಮಾತ್ರ ಹಾಕುತ್ತೇವೆ ಎಂದರು. ಕೋಳಿ ಮತ್ತು ಕರಿದ ಪದಾರ್ಥಗಳನ್ನು ಬಿಟ್ಟು ನಮ್ಮ ಊಟ ನಿಗದಿಯಾಯಿತು. ವಿನೆಗರ್ ಬಗ್ಗೆ ಅನುಮಾನ ಬೇಡ, ಪ್ರವಾದಿ(ಸ) ಮೆಚ್ಚಿದ ವ್ಯಂಜನವದು.

ಒಂದೇ ಮೇಜು, ಎರಡು ಮದ್‌ಹಬ್

ಕರಾವಳಿಯ ನಮ್ಮ ಮನೆಯವರು ಶಾಫಿಈಗಳು. ಮೈಸೂರು ಕಡೆಯ ಅತ್ತಿಗೆ ಹನಫೀ. ಮೀನು ಇಬ್ಬರಿಗೂ ಹಲಾಲ್. ಅದಕ್ಕೆ ಝಬಹ್ ಬೇಕಿಲ್ಲ, ಹಸಿ ಎಂಬ ಕಾರಣಕ್ಕೆ ಹರಾಮ್ ಆಗುವುದೂ ಇಲ್ಲ. ಆದರೆ ಹನಫೀ ಮದ್‌ಹಬ್‌ನಲ್ಲಿ ಕಡಲಿನ ಪ್ರಾಣಿಗಳಲ್ಲಿ ಮೀನು ಮಾತ್ರ ಸಲ್ಲುತ್ತದೆ. ಆದ್ದರಿಂದ ಕಪ್ಪೆ ಬೊಂಡಾಸೆಯ ತಟ್ಟೆ ಬಂದಾಗ ಅತ್ತಿಗೆ ಅದನ್ನು ನಗುತ್ತಲೇ ನಮ್ಮ ಕಡೆ ಸರಿಸಿದರು. ವಾದವಾಗಲಿಲ್ಲ, ಯಾರ ಊಟವೂ ಕೆಡಲಿಲ್ಲ.

ಹಸಿ ಮೀನಿನ ಬಗ್ಗೆ ಆರೋಗ್ಯದ ಮಾತೊಂದಿದೆ. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಟ್ಟ ಮೀನಿನ ಹುಳುಗಳು ಸಾಯುತ್ತವೆ, ಆದರೆ ಎಲ್ಲ ರೋಗಾಣುಗಳೂ ಸಾಯುವುದಿಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು, ವೃದ್ಧರು ಬೇಯಿಸಿದ್ದನ್ನೇ ತಿನ್ನುವುದು ಒಳ್ಳೆಯದು. ಉಮ್ಮನಿಗೆ ಸುಟ್ಟ ಬಂಗುಡೆ, ಅನ್ನ ಬಂತು. ಬಿದಿರು ಕಡ್ಡಿಯನ್ನು ಬದಿಗಿಟ್ಟು ಬಿಸ್ಮಿ ಹೇಳಿ ಕೈಯಿಂದಲೇ ಉಂಡರು. ಜಪಾನೀಯರೂ ಸುಶಿಯನ್ನು ಕೈಯಿಂದ ತಿನ್ನುವುದುಂಟು.

ಅವರೂ ಊಟಕ್ಕೆ ಮೊದಲು "ಇತದಾಕಿಮಾಸು" ಎನ್ನುತ್ತಾರೆ. ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅದರ ಅರ್ಥ. ಹೊಟ್ಟೆಯ ಹತ್ತರಲ್ಲಿ ಎಂಟು ಪಾಲು ತುಂಬಿದರೆ ಸಾಕು ಎಂಬ ಮಾತೂ ಅವರಲ್ಲಿದೆ. ಮೂರನೇ ಒಂದು ಪಾಲು ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ(ಸ) ಬೋಧನೆಯನ್ನು ಅಲ್ಲಿಯೇ ಮಕ್ಕಳಿಗೆ ನೆನಪಿಸಲು ಒಳ್ಳೆಯ ಅವಕಾಶವಾಯಿತು.

ಸಿಹಿಯಲ್ಲಿ ಸಿಕ್ಕ ಪರಿಚಯ

ಕೊನೆಗೆ ಸಿಹಿ ಬಂತು. ಗಾಜಿನಂತೆ ಹೊಳೆಯುವ ತುಂಡುಗಳನ್ನು ಕಂಡು ಮಕ್ಕಳು ಜೆಲೆಟಿನ್ ಎಂದು ಹಿಂಜರಿದರು. ಅದು ಕಾಂತೆನ್. ಕಡಲಪಾಚಿಯಿಂದ ತೆಗೆದದ್ದು. ರಮಝಾನಿನಲ್ಲಿ ಹಾಲು ಹಾಕಿ ನಾವು ಮಾಡುವ ಚೈನಾ ಗ್ರಾಸ್ ಪುಡ್ಡಿಂಗ್‌ನ ವಸ್ತುವೇ ಅದು! ಉಮ್ಮ ಬಾಯಿಗಿಟ್ಟು, "ಇದು ನಮ್ಮ ಇಫ್ತಾರಿನದ್ದೇ" ಎಂದರು. ಅಂಟಕ್ಕಿಯನ್ನು ಕುಟ್ಟಿ ಮಾಡುವ ಮೋಚಿಯೂ ಬಂತು. ಒಳಗೆ ಕೆಂಪು ಕಾಳಿನ ಸಿಹಿ ಹೂರಣ, ಹೋಳಿಗೆಯಂತೆಯೇ. ಅಂಟು ಹೆಚ್ಚಿರುವುದರಿಂದ ಮೋಚಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಜಪಾನಿನಲ್ಲಿ ಹೊಸ ವರ್ಷದ ದಿನಗಳಲ್ಲಿ ವೃದ್ಧರಿಗೆ ಈ ಬಗ್ಗೆ ಎಚ್ಚರಿಕೆ ಕೊಡಲಾಗುತ್ತದೆ. ಉಮ್ಮನಿಗೂ ಪುಟ್ಟ ಮಗುವಿಗೂ ನಾವದನ್ನು ಕೊಡಲಿಲ್ಲ.

ಮುಂದಿನ ತಿಂಗಳು ಅಣ್ಣನ ಮಗಳು ಗೆಳತಿಯರೊಂದಿಗೆ ಹೋದಳು. ಈ ಬಾರಿ ನೆಪ ಹೇಳಲಿಲ್ಲ, ಎಲ್ಲರೆದುರೇ ತನ್ನ ಪ್ರಶ್ನೆಗಳನ್ನು ಕೇಳಿದಳು. ಮಿಸೋ ಸಾರಿಗೆ ಒಣಮೀನಿನ ರಸ ಹಾಕುತ್ತಾರೆ ಎಂದು ಆಗ ತಿಳಿಯಿತು. ಜೊತೆಗಿದ್ದ ಸಸ್ಯಾಹಾರಿ ಗೆಳತಿ ಅದನ್ನು ತರಕಾರಿ ಸಾರೆಂದೇ ಭಾವಿಸಿದ್ದಳಂತೆ. "ನೀನು ಕೇಳಿದ್ದು ಒಳ್ಳೆಯದಾಯಿತು" ಎಂದು ಕೈ ಹಿಡಿದಳಂತೆ.

ಸಹೋದರಿಯರೇ, ನಮ್ಮ ಹೆಣ್ಣುಮಕ್ಕಳು ಕಲಿತು ದುಡಿಯುವ ಜಾಗದಲ್ಲಿ ಇಂತಹ ಮೇಜುಗಳು ಇನ್ನೂ ಬರುತ್ತವೆ. ಹಲಾಲ್ ಎಂದರೆ ಹೇಳಲು ನಾಚಬೇಕಾದ ವಿಷಯವೆಂದು ಅವರು ಭಾವಿಸಿದರೆ, ಒಂದೋ ಸುಳ್ಳು ನೆಪ ಹೇಳುತ್ತಾರೆ, ಇಲ್ಲವೇ ಕಣ್ಣುಮುಚ್ಚಿ ತಿನ್ನುತ್ತಾರೆ. ಸೋಯಾ ಸಾಸ್, ಮಿಸೋ ಹುದುಗುವಾಗ ತಾನಾಗಿ ಉಂಟಾಗುವ ಅತ್ಯಲ್ಪ ಆಲ್ಕೋಹಾಲ್‌ನಂತಹ ವಿಷಯಗಳಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ನಿಮಗೆ ವಿಶ್ವಾಸವಿರುವ ವಿದ್ವಾಂಸರಲ್ಲಿ ವಿಚಾರಿಸಿ. ಉಳಿದದ್ದನ್ನು ಹೋಟೆಲಿನವರಲ್ಲಿ ನಗುಮುಖದಿಂದ ಕೇಳಿ. ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸಿದರೆ ಅವರು ಎಲ್ಲಿ ಕುಳಿತರೂ ನೆಮ್ಮದಿಯಿಂದ ಉಣ್ಣುತ್ತಾರೆ.